ತೊಡೆ ಮೇಲಿನ ಕೈ

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು. ಮೂವರ ಸೀಟಲ್ಲಿ ನಾಲ್ವರು, ನಾಲ್ಕನೆಯವನ ತೊಡೆ ಮೇಲೆ ಐದನೆಯವನು. ದಿನಾ ಇದೇ ಸಂಸಾರ. ಕ್ಯಾತ್ಸಂದ್ರ ದಾಟುವ ಮೊದಲೇ ಒಬ್ಬರು ಪಕ್ಕದವರ ಹೆಗಲಿಗೆ ತಲೆ ಕೊಟ್ಟು ಗೊರಕೆ ಶುರು ಮಾಡುತ್ತಾರೆ. ಪಕ್ಕದವರು ಯಶವಂತಪುರದವರೆಗೆ ಹೆಗಲು ಅಲುಗಾಡಿಸುವುದಿಲ್ಲ. ಮನೆಯಲ್ಲಿ ಹೆಂಡತಿಗೂ ಆ ಭಾಗ್ಯ ಇರಲಿಕ್ಕಿಲ್ಲ.

ಮೊನ್ನೆ ಎದುರು ಸೀಟಲ್ಲಿ ಇಬ್ಬರು ಕಾಲೇಜು ಹುಡುಗರು. ಒಂದೇ ಇಯರ್‌ಫೋನ್, ಆಳಿಗೊಂದು ಕಿವಿ. ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡು ಕೂತಿದ್ದರು. ನಮ್ಮ ಗುಂಪಿನ ಹಿರಿಯರೊಬ್ಬರು ಕಣ್ಣು ಮಿಟುಕಿಸಿ, "ಏನ್ರಪ್ಪಾ, ನೀವು ಅದಾ?" ಅಂದರು. ಬೋಗಿ ಪೂರ್ತಿ ನಗು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಬೆರಳು ಪಟ್ಟಂತ ಬಿಟ್ಟವು. ಒಬ್ಬ ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ಅವನ ಕಿವಿಯಲ್ಲಿದ್ದ ಇಯರ್‌ಫೋನ್ ತುದಿ ಸೀಟಿನಂಚಿಗೆ ನೇತಾಡುತ್ತಾ ಏನೋ ಹಾಡುತ್ತಲೇ ಇತ್ತು.

ಈ 'ಅದು' ನೋಡಿ. ಗಂಡಸರ ಗೆಳೆತನಕ್ಕೆ ನಮ್ಮಲ್ಲಿ ಮಾತಿಗೇನು ಬರವೇ? ಗಳಸ್ಯ ಕಂಠಸ್ಯ, ಚಡ್ಡಿ ದೋಸ್ತಿ, ಒಂದೇ ತಟ್ಟೆಯಲ್ಲಿ ಉಂಡವರು. ಸಲಿಂಗಿ ಅನ್ನುವ ಪದ ಪೇಪರಿನಲ್ಲಿ ಬರುತ್ತೆ, ಬಾಯಿಗೆ ಬರಲ್ಲ. ಬಾಯಿಗೆ 'ಅದು' ಸಾಕು. ರಾತ್ರಿ ಹೊತ್ತು ಹಾವಿನ ಹೆಸರು ಹೇಳಬಾರದು ಅಂತಾರಲ್ಲ, ಹಾಗೆ.

ಆಮೇಲೆ ಆ ಹಿರಿಯರದ್ದು ಅರ್ಧ ಗಂಟೆ ಉಪನ್ಯಾಸ. ಇದೆಲ್ಲ ಫಾರಿನ್ ರೋಗವಂತೆ, ನಮ್ಮ ಕಡೆ ಇರಲೇ ಇಲ್ಲವಂತೆ. ಅಷ್ಟು ಹೊತ್ತೂ ಅವರ ಬಲಗೈ ನನ್ನ ಎಡತೊಡೆ ಮೇಲಿತ್ತು. ಮುಖ್ಯ ಮಾತು ಬಂದಾಗ ಒಮ್ಮೆ ಹಿಂಡುತ್ತಿದ್ದರು. 'ಫಾರಿನ್' ಅಂದಾಗ ಎರಡು ಸಲ.

ಫಾರಿನ್ನಿನವರು ತಂದು ಹೇರಿದ್ದು ಕಾನೂನನ್ನು ಸ್ವಾಮಿ. ಬ್ರಿಟಿಷರ 1860ರ ದಂಡಸಂಹಿತೆಯ 377ನೇ ಕಲಂ. ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಬಿಳಿಯರು ಬಿಟ್ಟು ಹೋದ ಆ ಹಳೇ ಟ್ರಂಕನ್ನು ನಮ್ಮ ಹಿರಿಯರು ಮಾತ್ರ ಇನ್ನೂ ಅಟ್ಟದ ಮೇಲಿಟ್ಟು ಧೂಳು ಒರೆಸುತ್ತಿದ್ದಾರೆ.

ಲಾಡ್ಜಿನಲ್ಲಿ ನೋಡಿದ್ದೀರಲ್ಲ? ಗಂಡ ಹೆಂಡತಿ ಹೋದರೆ ಆಧಾರ್ ತೋರಿಸಿ, ತಾಳಿ ತೋರಿಸಿ. ನಾನೂ ನನ್ನ ಗೆಳೆಯನೂ ಮದುವೆಯೊಂದಕ್ಕೆ ಹೋದಾಗ ಕೌಂಟರಿನವನು ತಲೆ ಎತ್ತದೆ, "ಇಬ್ರೂ ಜೆಂಟ್ಸಾ? ಒಂದೇ ಮಂಚ ಸಾಕು ಬಿಡಿ ಸಾರ್" ಅಂದ. ಮಂಚ ಒಂದು, ರಗ್ಗೂ ಒಂದು. ಗೆಳೆಯ ನಿದ್ದೆಯಲ್ಲಿ ಒದೆಯುತ್ತಾನೆ ಅಂತ ಗೊತ್ತಾಗಿದ್ದು ಆವತ್ತೇ. ನಮ್ಮ ಸಂಸ್ಕೃತಿಗೆ ಒಂದು ಗೀರೂ ಬೀಳಲಿಲ್ಲ.

ಪರಿಚಯದ ಮನೆಯೊಂದರಲ್ಲಿ ಮಗ ಬಾಯಿಬಿಟ್ಟು ಹೇಳಿದ, ನನಗೆ ಹೆಣ್ಣು ಬೇಡ ಅಂತ. ಅಪ್ಪ ಅಮ್ಮ ಜಾತಕ ಹಿಡಿದು ಹೊರಟರು. "ಮದುವೆ ಮಾಡಿದ್ರೆ ಸರಿ ಹೋಗ್ತಾನೆ." ಆ ಹುಡುಗಿ ಏನು ಮಾತ್ರೆಯೇ? ಊಟಕ್ಕೆ ಮುಂಚೆ ಒಂದು, ಊಟದ ನಂತರ ಒಂದು? ಅವಳಿಗೆ ಯಾರೂ ಒಂದು ಮಾತು ಹೇಳಲಿಲ್ಲ. ನಾನೂ ಹೋಗಿ ಉಂಡು ಬಂದೆ. ಈಗ ಎರಡು ಮನೆಯಲ್ಲೂ ಅಳು. ಇದರಲ್ಲಿ ತಮಾಷೆ ಹುಡುಕಿ ಬರೆಯಲು ನನಗೆ ಆಗುತ್ತಿಲ್ಲ.

ಮರುದಿನ ಆ ಹುಡುಗರು ಅದೇ ಸೀಟಲ್ಲಿದ್ದರು. ನಡುವೆ ಬ್ಯಾಗ್, ಇಬ್ಬರಿಗೂ ಬೇರೆ ಬೇರೆ ಇಯರ್‌ಫೋನ್. ರೈಲು ಇನ್ನೂ ಹಿರೇಹಳ್ಳಿ ಮುಟ್ಟಿರಲಿಲ್ಲ. ಹಿರಿಯರು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಪ್ಪಾ" ಅಂತ ಬಂದು ನನ್ನ ತೊಡೆ ಮೇಲೇ ಕೂತರು.