ಬೀಜ ಮೊಳೆಯಲು ಬಿಸಿಲು ಬೇಕೆಂಬ ಸಂದೇಶದ ಬಗ್ಗೆ ಸ್ಪಷ್ಟನೆ

ಪ್ರಾಥಮಿಕ ಶಾಲೆಯ ಮಕ್ಕಳು ವಸಂತಕಾಲದಲ್ಲಿ ತರಗತಿಯಲ್ಲಿ ಮಾಡುವ ಬೀನ್ಸ್ ಬೀಜದ ಪ್ರಯೋಗದ ಕುರಿತು ಪೋಷಕರಿಗಾಗಿ ನಾನು ಬರೆದಿದ್ದ ಟಿಪ್ಪಣಿಯಲ್ಲಿ, ‘ಬಿಸಿಲು ಬೀಳದಿದ್ದರೆ ಬೀಜ ಮೊಳೆಯುವುದಿಲ್ಲ’ ಎಂಬ ವಾಕ್ಯವಿತ್ತು. ಆ ವಾಕ್ಯ ತಪ್ಪು. ಅದೇ ಈಗ ಹಲವು ಗುಂಪುಗಳಲ್ಲಿ ಹರಿದಾಡುತ್ತಿದೆ.

ಬೀನ್ಸ್ ಬೀಜ ಮೊಳೆಯಲು ಬೇಕಾದದ್ದು ನೀರು, ಗಾಳಿಯಲ್ಲಿರುವ ಆಮ್ಲಜನಕ ಮತ್ತು ಹದವಾದ ಉಷ್ಣತೆ. ಮೊಳಕೆಯ ಮೊದಲ ದಿನಗಳ ಆಹಾರವು ಬೀಜದ ಎರಡು ದಪ್ಪ ದಳಗಳಲ್ಲೇ ಸಂಗ್ರಹವಾಗಿರುವುದರಿಂದ, ಮಣ್ಣಿನೊಳಗಿನ ಕತ್ತಲೆಯಲ್ಲಿ ಹೇಗೋ ಹಾಗೆಯೇ ಮುಚ್ಚಿದ ಕಪಾಟಿನಲ್ಲಿಟ್ಟ ಒದ್ದೆ ಹತ್ತಿಯ ಮೇಲೂ ಅದು ಬೇರು ಬಿಡುತ್ತದೆ. ಎಲೆ ಬಿಡಿಸಿಕೊಂಡ ಮೇಲೆ ಮಾತ್ರ, ದ್ಯುತಿಸಂಶ್ಲೇಷಣೆಯಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲು ಸಸಿಗೆ ಬೆಳಕು ಅನಿವಾರ್ಯ; ಕತ್ತಲೆಯಲ್ಲೇ ಉಳಿದರೆ ಅದು ಬಿಳಿಚಿಕೊಂಡು, ಸಣಕಲಾಗಿ ಉದ್ದಕ್ಕೆ ಬೆಳೆಯುತ್ತದೆ. (ಲೆಟ್ಯೂಸ್‌ನಂತಹ ಕೆಲವು ಪುಟ್ಟ ಬೀಜಗಳ ಅನೇಕ ತಳಿಗಳಿಗೆ ಮೊಳೆಯಲೂ ಬೆಳಕು ಬೇಕು ಎಂಬುದು ನಿಜ, ಆದರೆ ತರಗತಿಯಲ್ಲಿ ಬಳಸುವುದು ಅವುಗಳನ್ನಲ್ಲ.)

ನಂಬಲು ಕಷ್ಟವಾದರೆ ಒಂದು ಲೋಟವನ್ನು ಕಿಟಕಿಯ ಬಳಿ, ಇನ್ನೊಂದನ್ನು ಕಪಾಟಿನಲ್ಲಿ ಇಟ್ಟು ಮಕ್ಕಳೇ ಹೋಲಿಸಿ ನೋಡಲಿ. ಕತ್ತಲೆಯಲ್ಲಿ ಮೊಳೆತ ಬೀಜವನ್ನು ಕಂಡು ತನ್ನ ಪ್ರಯೋಗವೇ ಕೆಟ್ಟಿತೆಂದು ಯಾವ ಮಗುವೂ ಭಾವಿಸಬೇಕಾಗಿಲ್ಲ. ಹಳೆಯ ಟಿಪ್ಪಣಿಯನ್ನು ದಯವಿಟ್ಟು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ.