ಎಷ್ಟು ಕೂಗಿಸಬೇಕು?

ಅಲಸಂದೆ ಕಾಳಿನ ಸಾರಿಗೆ ‘ಮೂರು ವಿಷಲ್ ಕೂಗಿಸಿ’ ಎಂದು ಮೊದಲು ಹೇಳಿದವರು ಯಾರೋ, ಅವರನ್ನು ಒಂದು ದಿನ ಊಟಕ್ಕೆ ಕರೆಯಬೇಕು. ಕರೆದು ಇವತ್ತಿನ ಸಾರನ್ನೇ ಬಡಿಸಬೇಕು. ಅರ್ಧ ಕಾಳು ಕರಗಿ ಗಂಜಿಯಾಗಿದೆ. ಇನ್ನರ್ಧವನ್ನು ತೊಳೆದು ಒರೆಸಿದರೆ ಅಳಗುಳಿಮಣೆಗೆ ಸುರಿಯಬಹುದು. ಒಂದೇ ಕುಕ್ಕರು, ಒಂದೇ ಉರಿ, ಎಣಿಸಿ ಮೂರೇ ಕೂಗು.

ಕೂಗು ಅನ್ನುವುದು ಅಳತೆಯೇ ಅಲ್ಲ. ಒಳಗಿನ ಒತ್ತಡ ಮಿತಿ ಮೀರಿದಾಗ ಮೇಲಿನ ವೇಯ್ಟು ಎದ್ದು ಒಂದಿಷ್ಟು ಹಬೆ ಬಿಟ್ಟು ಕೂರುತ್ತದೆ, ಅಷ್ಟೇ. ಉರಿ ದೊಡ್ಡದಿದ್ದರೆ ಒಂದರ ಬೆನ್ನಿಗೆ ಒಂದು ಕೂಗಿ ಮೂರು ನಿಮಿಷದಲ್ಲಿ ಲೆಕ್ಕ ಚುಕ್ತಾ. ಉರಿ ಸಣ್ಣದಿದ್ದರೆ ಹತ್ತು ನಿಮಿಷವಾದರೂ ತುಟಿ ಬಿಚ್ಚುವುದಿಲ್ಲ. ಎರಡರಲ್ಲೂ ಒಳಗಿನ ಬಿಸಿ ಸುಮಾರು 120 ಡಿಗ್ರಿಯೇ. ಕಾಳು ಬೇಯುವುದು ಆ ಬಿಸಿಯಲ್ಲಿ ಎಷ್ಟು ಹೊತ್ತು ಇತ್ತು ಅನ್ನುವುದರ ಮೇಲೆ. ಅದಕ್ಕೆ ಕಿವಿಯಿಲ್ಲ, ಕೂಗು ಕೇಳುವುದಿಲ್ಲ.

ಕಿವಿ ಇರುವುದು ಹಾಲಿನಲ್ಲಿ ಕೂತವರಿಗೆ. ಪ್ರತಿ ಮನೆಯಲ್ಲೂ ಕೂಗು ಎಣಿಸುವವರೊಬ್ಬರು ಇರುತ್ತಾರೆ. ಸಾಮಾನ್ಯವಾಗಿ ರಿಟೈರಾದ ಮಾವನವರು. ಅಡುಗೆಮನೆಗೂ ಅವರಿಗೂ ಕಾಫಿಯ ಹೊರತು ಬೇರೆ ಸಂಬಂಧವಿಲ್ಲ. ಆದರೆ ಪೇಪರಿನ ಹಿಂದಿನಿಂದ ‘ಒಂದಾಯ್ತು’ ಎಂದು ಘೋಷಣೆ ಬರುತ್ತದೆ. ವೇಯ್ಟು ಸುಮ್ಮನೆ ಅಲ್ಲಾಡಿ ‘ಸುಸ್’ ಅಂದರೆ ಅದಕ್ಕೆ ಅರ್ಧ ಅಂಕ: ‘ಒಂದೂವರೆ.’ ಮಧ್ಯೆ ಫೋನು ಬಂದರೆ ಲೆಕ್ಕ ನಿಲ್ಲುವುದಿಲ್ಲ, ಅಂದಾಜಿಗೆ ತಿರುಗುತ್ತದೆ. ಅಪಾರ್ಟ್‌ಮೆಂಟಾದರೆ ಮುಗಿದೇ ಹೋಯಿತು. ಬೆಳಗ್ಗೆ ಎಂಟಕ್ಕೆ ಮೇಲಿನ ಮನೆ, ಕೆಳಗಿನ ಮನೆ, ಎದುರು ಮನೆಯ ಕುಕ್ಕರುಗಳೆಲ್ಲ ಒಂದೇ ಡಕ್ಟಿಗೆ ಬಾಯಿ ಇಟ್ಟು ಕೂಗುತ್ತವೆ.

‘ಮೂರಾಯ್ತಮ್ಮ, ಆರಿಸು.’

‘ಮಾವ, ಅದು ಮೇಲಿನ ಮನೇದು. ನಮ್ಮದಿನ್ನೂ ಹಚ್ಚೇ ಇಲ್ಲ.’

‘ಹಾಗಾದ್ರೆ ಅದನ್ನ ಬಿಟ್ಟು ಎಣಿಸ್ತೀನಿ ಬಿಡು.’

ಬಿಟ್ಟು ಎಣಿಸಲು ಆಗುತ್ತದೆಯೇ? ಅವರ ಮನೆಯ ಇಡ್ಲಿ ಹಿಟ್ಟಿನ ಮಿಕ್ಸಿ ಬೇರೆ ನಡುವೆ ಸೇರುತ್ತದೆ. ಸೊಸೆ ಬಟ್ಟೆ ಒಣಗಿಸಲು ಟೆರೇಸಿಗೆ ಹೋಗಿ ಬರುವುದರೊಳಗೆ ಒಲೆ ಆರಿರುತ್ತದೆ. ‘ನಾನೇ ಆರಿಸಿದೆ, ಸುಮ್ನೆ ಗ್ಯಾಸು ದಂಡ.’ ಇಷ್ಟಕ್ಕೇ ನಿಂತರೂ ಆಗುತ್ತಿತ್ತು. ಬೆಂದಿದೆಯೇ ನೋಡುವ ಉತ್ಸಾಹದಲ್ಲಿ ಸೌಟಿನ ಹಿಡಿಯಿಂದ ವೇಯ್ಟನ್ನು ಎತ್ತುತ್ತಾರೆ. ಬುಸ್! ಒತ್ತಡ ಒಮ್ಮೆಲೇ ಇಳಿದಾಗ ಒಳಗಿನ ನೀರು ರಭಸದಿಂದ ಕುದಿಯುತ್ತದೆ. ಅಲಸಂದೆಯ ಸಿಪ್ಪೆ ಅವರೆಯಷ್ಟು ದಪ್ಪವಲ್ಲ, ಬೆಂದ ಕಾಳೆಲ್ಲ ಅಲ್ಲೇ ಒಡೆದು ಹರಡುತ್ತದೆ. ಕಾಳಿನ ನೊರೆ ವಿಷಲಿನ ಬಾಯಿಂದ ಕಾರಂಜಿಯಾಗಿ ಚಿಮ್ಮಿ ಗೋಡೆಯ ಕ್ಯಾಲೆಂಡರಿನ ಏಕಾದಶಿಯ ಮೇಲೆ ಕೂರುತ್ತದೆ. ಎಣಿಸಿದವರು ಕನ್ನಡಕ ಒರೆಸಿಕೊಳ್ಳುತ್ತಾ ‘ಇನ್ನೊಂದು ಕೂಗು ಬೇಕಿತ್ತು’ ಅನ್ನುತ್ತಾರೆ.

ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟುವುದೂ ಅನ್ಯಾಯವೇ. ಅರ್ಧ ಬೆಂದು ಅರ್ಧ ಬೇಯದಿರುವುದಕ್ಕೆ ಅಂಗಡಿಯವನ ಚೀಲವೂ ಕಾರಣ. ಹಳೇ ದಾಸ್ತಾನಿಗೆ ಹೊಸದನ್ನು ಬೆರೆಸಿರುತ್ತಾರೆ. ಸೆಖೆಯಲ್ಲಿ ತಿಂಗಳುಗಟ್ಟಲೆ ಕೂತ ಕಾಳು ಒಳಗೇ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಹಲ್ಲಿಗೆ ಕಟುಮ್ ಅನ್ನುತ್ತದೆ. ಅಂಗೈ ಮೇಲೆ ಹರಡಿಕೊಂಡು ನೋಡಿ: ಹೊಸ ಕಾಳು ಕೆನೆ ಬಿಳುಪು, ಹೊಳಪು. ಹಳೆಯದು ಹಳದಿಗೆ ತಿರುಗಿ ಮಂಕಾಗಿರುತ್ತದೆ. ಕಪ್ಪು ಕಣ್ಣಿನ ಪಕ್ಕ ಇನ್ನೊಂದು ಗುಂಡಗಿನ ಕಣ್ಣು ಕಂಡರೆ ಅದು ಹುಳು ಕೊರೆದ ತೂತು. ಅಂಥವು ನೀರಿಗೆ ಹಾಕಿದರೆ ತೇಲುತ್ತವೆ, ಬಾಗಿಸಿ ಚೆಲ್ಲಿಬಿಡಿ. ಇನ್ನು ಬೋರ್ ನೀರು. ಗಡಸು ನೀರಿನ ಸುಣ್ಣದಂಶ ಸಿಪ್ಪೆಯನ್ನು ಬಿಗಿಯಾಗಿಸುತ್ತದೆ. ಬೇಯಿಸುವುದಕ್ಕಾದರೂ ಕುಡಿಯುವ ನೀರು ಹಾಕಿ. ಚಿಟಿಕೆ ಸೋಡಾ ಹಾಕಿದರೆ ಬೇಗ ಬೇಯುವುದೇನೋ ನಿಜ. ಆದರೆ ಸಾರಿಗೆ ಸೋಪಿನ ವಾಸನೆ ಬಂದರೆ ಮತ್ತೆ ನನ್ನನ್ನು ಕೇಳಬೇಡಿ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ನಾಲ್ಕು ಜನಕ್ಕೆ ಒಂದು ಲೋಟ ಕಾಳು. ನಾಲ್ಕು ಗಂಟೆ ನೆನೆದರೆ ಸಾಕು, ಮರೆತಿದ್ದರೆ ಕುದಿಯುವ ನೀರಲ್ಲಿ ಒಂದು ಗಂಟೆ. ನೆನೆಸುವ ನೀರಿಗೆ ಒಂದು ಚಮಚ ಉಪ್ಪು ಹಾಕಿ. ಉಪ್ಪಿದ್ದರೆ ಕಾಳು ಬೇಯಲ್ಲ ಅನ್ನುವುದು ಅಪವಾದ, ಸಿಪ್ಪೆ ಮೆತ್ತಗಾಗಲು ಅದೇ ಸಹಾಯ. ಆ ನೀರು ಚೆಲ್ಲಿ, ಎರಡು ಲೋಟ ಹೊಸ ನೀರು, ಒಂದು ಚಮಚ ಎಣ್ಣೆ. ಎಣ್ಣೆ ನೊರೆಯನ್ನು ಅಡಗಿಸುತ್ತದೆ. ಕಾಳು ನೀರು ಸೇರಿ ಕುಕ್ಕರಿನ ಅರ್ಧ ದಾಟಬಾರದು, ದಾಟಿದರೆ ನೊರೆ ಉಕ್ಕಿ ವಿಷಲಿನ ತೂತೇ ಕಟ್ಟಿಕೊಳ್ಳುತ್ತದೆ. ಮೊದಲ ಕೂಗು ಬಂದ ಕೂಡಲೇ ಉರಿ ಸಣ್ಣ ಮಾಡಿ, ಗಡಿಯಾರ ನೋಡಿ ಐದಾರು ನಿಮಿಷ. ಆರಿಸಿದ ಮೇಲೆ ಹತ್ತು ನಿಮಿಷ ಯಾರನ್ನೂ ಹತ್ತಿರ ಬಿಡಬೇಡಿ. ಆ ಹತ್ತು ನಿಮಿಷವೂ ಕಾಳು ಬೇಯುತ್ತಲೇ ಇರುತ್ತದೆ, ಅದನ್ನು ಯಾರೂ ಎಣಿಸುವುದಿಲ್ಲ.

ಬದನೆಕಾಯಿಯನ್ನು ಕುಕ್ಕರಿಗೆ ಹಾಕಬೇಡಿ, ಹುಡುಕಿದರೂ ಸಿಗುವುದಿಲ್ಲ. ಬೆಂದ ಕಾಳಿನ ಜೊತೆ ಪಾತ್ರೆಯಲ್ಲಿ ಬೇಯಲಿ. ಅರ್ಧ ಲೋಟ ತೆಂಗಿನ ತುರಿ, ಎರಡು ಚಮಚ ಹುಳಿಪುಡಿ, ಸುಟ್ಟ ಈರುಳ್ಳಿ ಒಂದು, ಆರು ಎಸಳು ಬೆಳ್ಳುಳ್ಳಿ, ಸಣ್ಣ ಚೂರು ಚಕ್ಕೆ, ಒಂದು ಚಮಚ ಹುರಿಗಡಲೆ, ಕೊತ್ತಂಬರಿ ಸೊಪ್ಪು ನುಣ್ಣಗೆ ರುಬ್ಬಿ ಹಾಕಿ. ಹುಣಸೆ ನೆಲ್ಲಿಕಾಯಿ ಗಾತ್ರದ್ದು, ಅದು ಮಾತ್ರ ಕಾಳೂ ತರಕಾರಿಯೂ ಮೆತ್ತಗಾದ ಮೇಲೆ. ಟೊಮ್ಯಾಟೊಗೂ ಇದೇ ಕಾನೂನು. ಹುಳಿ ಮೊದಲೇ ಬಿದ್ದರೆ ಕಾಳು ಹಟ ಹಿಡಿದು ಕೂರುತ್ತದೆ. ‘ಎಲ್ಲಾ ಒಟ್ಟಿಗೆ ಹಾಕಿ, ಮೂರು ಕೂಗಿಸಿ’ ಅನ್ನುವವರ ಸಾರಿನಲ್ಲಿ ಕಲ್ಲು ಸಿಗುವುದು ಇದಕ್ಕೇ. ಒಗ್ಗರಣೆಗೆ ಸಾಸಿವೆ, ಇಂಗು, ಕರಿಬೇವು. ಮುದ್ದೆ ಇದ್ದರೆ ಇನ್ನೇನೂ ಬೇಡ.

ಬಸ್ಸಾರು ಮಾಡುವವರಿಗೆ ಒಂದೇ ಮಾತು: ಬಸಿಯುವ ಮೊದಲು ಕೆಳಗೆ ಪಾತ್ರೆ ಇದೆಯೇ ನೋಡಿಕೊಳ್ಳಿ. ಕಟ್ಟು ಸಿಂಕಿನಲ್ಲಿ ಹರಿದುಹೋಗಿ, ಕೈಯಲ್ಲಿ ಬರೀ ಪಲ್ಯ ಉಳಿದ ಮನೆಗಳು ಎಷ್ಟೋ ಇವೆ.

ಈ ಕಾಳು ಹುಟ್ಟಿದ್ದು ಆಫ್ರಿಕದಲ್ಲಿ. ಇಲ್ಲಿಗೆ ಬಂದು ಅಲಸಂದೆ, ಅಲಸಂಡೆ, ತಡಗುಣಿ ಎಂದೆಲ್ಲ ಹೆಸರಿಟ್ಟುಕೊಂಡು ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಸೇರಿಕೊಂಡಿತು. ಗುಲಾಮರಾಗಿ ಸಾಗಿಸಲ್ಪಟ್ಟ ಜನರ ಜೊತೆ ಅಮೆರಿಕಕ್ಕೂ ಹೋಯಿತು. ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಜನವರಿ 1ರಂದು ಇದನ್ನು ಅನ್ನದೊಂದಿಗೆ ತಿಂದರೆ ವರ್ಷವಿಡೀ ಅದೃಷ್ಟವಂತೆ. ಹಳೇ ಪದ್ಧತಿಯಲ್ಲಿ ಅದು ಬೇಯುವುದು ದೊಡ್ಡ ಪಾತ್ರೆಯಲ್ಲಿ, ನಿಧಾನವಾಗಿ. ಅದೃಷ್ಟ ಕಾಳಿನಿಂದ ಬಂದದ್ದೋ, ಕೂಗು ಎಣಿಸುವವರು ಇಲ್ಲದ್ದರಿಂದ ಬಂದದ್ದೋ.

ನಮ್ಮಲ್ಲೂ ಮಡಕೆ ಇತ್ತು. ಮುಚ್ಚಳವೆಂದರೆ ಒಂದು ತಟ್ಟೆ, ತಟ್ಟೆಯಲ್ಲಿ ಒಂದಿಷ್ಟು ನೀರು. ಒಳಗೆ ನೀರು ಬತ್ತಿದರೆ ತಟ್ಟೆಯಲ್ಲಿ ಬಿಸಿಯಾದ ಆ ನೀರನ್ನೇ ಕಾಳಿಗೆ ಸುರಿದು, ತಟ್ಟೆಗೆ ಬೇರೆ ನೀರು. ತಣ್ಣೀರು ಹೊಯ್ದು ಕುದಿ ಮುರಿಯುವ ಮಾತೇ ಇಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಿಗಿಂತ ಇಲ್ಲಿ ಮಡಕೆ ಒಂದಿಷ್ಟು ಹೊತ್ತು ಹೆಚ್ಚೇ ಒಲೆಯ ಮೇಲಿರಬೇಕಿತ್ತು. ಅದನ್ನೇನೂ ಯಾರೂ ಲೆಕ್ಕ ಹಾಕಲಿಲ್ಲ. ಸೌಟಿನ ತುದಿಯಿಂದ ಒಂದು ಕಾಳು ತೆಗೆದು, ಊದಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅದುಮಿ ನೋಡುತ್ತಿದ್ದರು. ಹಿಟ್ಟಾದರೆ ಬೆಂದಿದೆ. ಅದುಮಿದ ಕಾಳು ಪಕ್ಕದಲ್ಲಿ ಕೂತ ಮಗುವಿನ ಬಾಯಿಗೆ.

ಉಳಿದ ಸಾರನ್ನು ಚೆಲ್ಲಬೇಡಿ. ರಾತ್ರಿಯಿಡೀ ಕಾಳು ಸಾರನ್ನು ಹೀರಿ ಬೆಳಗ್ಗೆಗೆ ಗೊಜ್ಜಿನಂತೆ ಮಂದವಾಗಿರುತ್ತದೆ. ಅರ್ಧ ಲೋಟ ಬಿಸಿನೀರು, ಚಿಟಿಕೆ ಉಪ್ಪು ಹಾಕಿ, ತಳ ಹಿಡಿಯದಂತೆ ಕದಡುತ್ತಾ ಒಂದು ಕುದಿ ಬರಿಸಿದರೆ ಮಸಾಲೆಯೆಲ್ಲ ಕಾಳಿನ ಒಳಗಿಳಿದು ನಿನ್ನೆಗಿಂತ ರುಚಿಯಾಗಿರುತ್ತದೆ. ಹಾಲಿನಲ್ಲಿ ಕೂತವರು ಎರಡನೇ ಸಲ ಬಡಿಸಿಕೊಂಡು, ಬೆರಳು ನೆಕ್ಕುತ್ತಾ ಕೇಳುತ್ತಾರೆ:

‘ಇವತ್ತು ಸರಿಯಾಗಿ ಬೆಂದಿದೆ ನೋಡು. ಎಷ್ಟು ಕೂಗಿಸಿದೆ?’