ಸುಂಕದಕಟ್ಟೆ ಬಿಟ್ಟುಕೊಡದವರು

ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಶುದ್ಧ ಮೋಸ ಎಂದು ಜೆಪಿ ಮಾರ್ಗನ್ ಬ್ಯಾಂಕಿನ ಮುಖ್ಯಸ್ಥ ಜೇಮಿ ಡೈಮನ್ ಸಾರಿದ್ದು 2017ರ ಸೆಪ್ಟೆಂಬರಿನಲ್ಲಿ. ಜಗತ್ತಿನಲ್ಲಿ ಕಪ್ಪುಹಣ ಬಿಳಿ ಮಾಡುವ ಆಸೆ ಎಷ್ಟಿದೆ ಅನ್ನುವುದಕ್ಕೆ ಅದೊಂದು ಸೂಚ್ಯಂಕ ಎಂದು ಹೂಡಿಕೆ ಕಂಪನಿ ಬ್ಲ್ಯಾಕ್‌ರಾಕ್‌ನ ಮುಖ್ಯಸ್ಥ ಲ್ಯಾರಿ ಫಿಂಕ್ ಹೇಳಿದ್ದೂ ಅದೇ ವರ್ಷ. 2019ರ ಫೆಬ್ರವರಿಯಲ್ಲಿ ಡೈಮನ್ ಅವರ ಬ್ಯಾಂಕು ಜೆಪಿಎಂ ಕಾಯಿನ್ ಎಂಬ ತನ್ನದೇ ಡಿಜಿಟಲ್ ನಾಣ್ಯ ಪ್ರಕಟಿಸಿತು. 2024ರ ಜನವರಿಯಲ್ಲಿ ಅಮೆರಿಕ ಬಿಟ್‌ಕಾಯಿನ್ ಅನ್ನೇ ಇಟ್ಟುಕೊಂಡು ಷೇರಿನಂತೆ ಮಾರುವ ಇಟಿಎಫ್ ನಿಧಿಗಳಿಗೆ ಒಪ್ಪಿಗೆ ಕೊಟ್ಟಾಗ ಬ್ಲ್ಯಾಕ್‌ರಾಕ್ ವರ್ಷಕ್ಕೆ ಶೇ. 0.25ರ ಶುಲ್ಕದೊಂದಿಗೆ ಅಂಗಡಿ ತೆರೆದೇಬಿಟ್ಟಿತು.

ನ್ಯೂಜೆರ್ಸಿಯಲ್ಲಿದ್ದುಕೊಂಡು ಇದನ್ನೆಲ್ಲ ನೋಡುತ್ತ ಬಂದ ನನಗೆ ಅನಿಸುವುದಿಷ್ಟು: ಹಣ ಯಾವ ರೂಪ ತಾಳಿದರೂ ಬಲಾಢ್ಯರಿಗೆ ಚಿಂತೆಯಿಲ್ಲ, ಅದು ಹಾದುಹೋಗುವ ದಾರಿಯ ಸುಂಕದಕಟ್ಟೆ ಮಾತ್ರ ತಮ್ಮ ಕೈಯಲ್ಲೇ ಇರಬೇಕು. 2009ರ ಜನವರಿಯಲ್ಲಿ ಹುಟ್ಟಿದ ಬಿಟ್‌ಕಾಯಿನ್‌ನ ಮೊದಲ ಬ್ಲಾಕ್‌ನಲ್ಲೇ, ಅಂದರೆ ಅದರ ಲೆಕ್ಕಪುಸ್ತಕದ ಮೊದಲ ಪುಟದಲ್ಲೇ, ಬ್ಯಾಂಕುಗಳನ್ನು ಸರ್ಕಾರದ ಹಣದಿಂದ ಉಳಿಸುವ ಕುರಿತ ಲಂಡನ್ ಪತ್ರಿಕೆಯೊಂದರ ತಲೆಬರಹವಿದೆ. ಬ್ಯಾಂಕುಗಳ ಮೇಲಿನ ಸಿಟ್ಟಿನಿಂದ ಬಂದದ್ದು ಈಗ ಅವರ ಕಪಾಟಿನ ಸರಕು.

ಅಮೆರಿಕದಲ್ಲಿ 2025ರ ಜುಲೈನಲ್ಲಿ ಬಂದ ಜೀನಿಯಸ್ ಕಾಯ್ದೆ ನೋಡಿ. ಒಂದು ಡಾಲರಿಗೆ ಒಂದು ನಾಣ್ಯದಂತೆ ಸಿಗುವ ಸ್ಟೇಬಲ್‌ಕಾಯಿನ್‌ಗಳಿಗೆ ಅದು ಕಟ್ಟುಪಾಡು ಹಾಕಿತು. ನಾಣ್ಯ ಹೊರಡಿಸುವ ಕಂಪನಿ ಅಷ್ಟೇ ಮೊತ್ತವನ್ನು ನಗದಾಗಿಯೋ ಸರ್ಕಾರಿ ಸಾಲಪತ್ರದಲ್ಲೋ ಇಟ್ಟಿರಬೇಕು. ಒಳ್ಳೆಯದೇ. ಆದರೆ ಆ ಸಾಲಪತ್ರದ ಬಡ್ಡಿಯನ್ನು ಕಂಪನಿಯು ನಾಣ್ಯ ಇಟ್ಟುಕೊಂಡವರಿಗೆ ಕೊಡುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಬಡ್ಡಿ ಕೊಟ್ಟರೆ ಜನ ಠೇವಣಿ ತೆಗೆದುಕೊಂಡು ಹೋಗುತ್ತಾರೆ ಎಂಬುದು ಬ್ಯಾಂಕುಗಳ ಅಳಲು. ಹೀಗಾಗಿ ಹಣ ನಮ್ಮದು, ಬಡ್ಡಿ ಕಂಪನಿಯದು. ಇದು ಅನ್ಯಾಯ, ನನಗಂತೂ ಬೇರೆ ಹೆಸರು ತೋಚುತ್ತಿಲ್ಲ.

ಚೀನಾ ಇಷ್ಟೆಲ್ಲ ಸುತ್ತಿ ಬಳಸಲಿಲ್ಲ. 2021ರಲ್ಲಿ ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ನಾಣ್ಯಗಳ ವ್ಯವಹಾರವನ್ನೇ ಪೂರ್ತಿ ನಿಷೇಧಿಸಿ ತನ್ನ ಡಿಜಿಟಲ್ ಯುವಾನ್ ಮುಂದಿಟ್ಟಿತು.

ಭಾರತದ್ದು ಇನ್ನೊಂದು ದಾರಿ, ಅದರ ಒಂದು ಭಾಗದ ಬಗ್ಗೆ ನನಗೆ ಹೆಮ್ಮೆಯಿದೆ. ಮಧ್ಯವರ್ತಿಯ ಕಮಿಷನ್ ಇಲ್ಲದೆ ಹಣ ಕಳಿಸಬಹುದು ಎಂದು ಕ್ರಿಪ್ಟೋದವರು ಹೇಳುತ್ತಿದ್ದಾಗಲೇ, 2016ರಲ್ಲಿ ಯುಪಿಐ ಬಂತು. ಇಲ್ಲಿ ಅಮೆರಿಕದ ಕಿರಾಣಿ ಅಂಗಡಿಯವರು ಪ್ರತಿ ಕಾರ್ಡು ಉಜ್ಜಿದಾಗಲೂ ಕಾರ್ಡು ಕಂಪನಿಗೆ ಪಾಲು ಕೊಡುತ್ತಾರೆ. ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನವರು ಗಿರಾಕಿಯ ಬ್ಯಾಂಕ್ ಖಾತೆಯಿಂದ ಯುಪಿಐನಲ್ಲಿ ಬಂದ ದುಡ್ಡಿಗೆ ಹಾಗೆ ಕೊಡಬೇಕಿಲ್ಲ. ಅಧಿಕಾರದಲ್ಲಿರುವವರು ಹೊಸ ತಂತ್ರಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕ್ರಿಪ್ಟೋ ವಿಚಾರಕ್ಕೆ ಬಂದರೆ ಮಾತ್ರ ಅದೇ ಸರ್ಕಾರ ಬೇರೆಯೇ ಆಗಿಬಿಡುತ್ತದೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ ಈ ವ್ಯವಹಾರದವರಿಗೆ ಬ್ಯಾಂಕ್ ಸೇವೆ ನಿಲ್ಲಿಸಿತು. ಆ ಅಕ್ಟೋಬರಿನಲ್ಲಿ ಬೆಂಗಳೂರಿನ ಮಾಲೊಂದರಲ್ಲಿ ಇಟ್ಟಿದ್ದ ಕ್ರಿಪ್ಟೋ ಕೊಳ್ಳುವ-ಮಾರುವ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನೇ ರದ್ದು ಮಾಡಿತು. 2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿದ್ದ ಕ್ರಿಪ್ಟೋ ಮಸೂದೆ ಮಂಡನೆಯೇ ಆಗಲಿಲ್ಲ. 2022ರಲ್ಲಿ ಬಂದದ್ದು ತೆರಿಗೆ: ಲಾಭದ ಮೇಲೆ ಶೇ. 30, ಮಾರಾಟದ ಮೇಲೆ ಮೂಲದಲ್ಲೇ ಶೇ. 1 ಕಡಿತ (ಟಿಡಿಎಸ್). ಒಂದು ನಾಣ್ಯದಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಬಂತು?

ಊರಿನ ತಮ್ಮಂದಿರು ಫೋನಿನಲ್ಲಿ, "ಅಣ್ಣಾ, ಸರ್ಕಾರವೇ ತೆರಿಗೆ ಹಾಕಿದೆ ಅಂದಮೇಲೆ ಭಯ ಇಲ್ಲ ಅಲ್ವಾ?" ಎಂದು ಕೇಳುತ್ತಾರೆ. ನನಗೆ ಹೆದರಿಕೆಯಾಗುವುದು ಇಲ್ಲೇ. ತೆರಿಗೆ ಕಟ್ಟಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. 2024ರ ಜುಲೈನಲ್ಲಿ ಭಾರತೀಯರು ಕ್ರಿಪ್ಟೋ ಕೊಳ್ಳುವ-ಮಾರುವ ತಾಣ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರಿನಷ್ಟು ಕ್ರಿಪ್ಟೋ ಕಳುವಾಯಿತು. ಅದರಲ್ಲಿ ಹಣ ಹಾಕಿದ್ದ ಲಕ್ಷಾಂತರ ಭಾರತೀಯರು, ತಮಗೆ ಎಷ್ಟು ವಾಪಸ್ ಬಂದೀತು ಎಂದು ಕಾಯುತ್ತ ನೋಡಬೇಕಾಗಿ ಬಂದದ್ದು ಸಿಂಗಪುರದ ಹೈಕೋರ್ಟಿನ ಕಡೆಗೆ. ಶೇ. 30 ಕೇಳುವ ಸರ್ಕಾರ ಗ್ರಾಹಕರ ಆಸ್ತಿಯನ್ನು ಪ್ರತ್ಯೇಕವಾಗಿ ಇಡಿ, ಲೆಕ್ಕ ತಪಾಸಣೆ ಮಾಡಿಸಿ, ಮುಳುಗಿದರೆ ಭಾರತದ ಕೋರ್ಟಿನಲ್ಲೇ ಉತ್ತರ ಕೊಡಿ ಎಂದು ಈ ಕಂಪನಿಗಳಿಗೆ ಕಾನೂನು ಬರೆದು ಹೇಳಬೇಕು. ಯುಪಿಐ ಕಟ್ಟಿ ನಿಲ್ಲಿಸಿದ ದೇಶಕ್ಕೆ ಇದು ಆಗದ ಕೆಲಸವೇನಲ್ಲ.